ಬ್ಯಾಟು ಕೈಗೂ ಒಗ್ಗಬೇಕು, ನೆಲಕ್ಕೂ ಒಗ್ಗಬೇಕು

ಬೇಸಿಗೆ ರಜೆ ಆರಂಭವಾಯಿತೆಂದರೆ ಶಿವಮೊಗ್ಗದ ಕ್ರೀಡಾ ಸಾಮಗ್ರಿಗಳ ಅಂಗಡಿಗಳಲ್ಲಿ ಒಂದು ನೋಟ ತಪ್ಪದೆ ಕಾಣಿಸುತ್ತದೆ. ಹತ್ತು ಹನ್ನೊಂದು ವರ್ಷದ ಮಗುವೊಂದು ಗೋಡೆಗೆ ಒರಗಿಸಿಟ್ಟ ಬ್ಯಾಟುಗಳನ್ನು ಬೆರಗಿನಿಂದ ನೋಡುತ್ತಿರುತ್ತದೆ. ತಂದೆ ಅಂಗಡಿಯವರನ್ನು ಕೇಳುವ ಮೊದಲ ಪ್ರಶ್ನೆ "ಒಳ್ಳೆಯ ಬ್ಯಾಟ್ ಯಾವುದಿದೆ?" ಎಂದು, ಎರಡನೆಯದು "ಎಷ್ಟಾಗುತ್ತದೆ?" ಎಂದು. "ಈ ಮಗುವಿನ ಕೈಗೆ ಯಾವುದು ಸರಿ? ಇವನು ಆಡುವ ನೆಲಕ್ಕೆ ಯಾವುದು ಸರಿ?" ಎಂದು ಕೇಳುವವರು ವಿರಳ. ಈ ಎರಡು ಪ್ರಶ್ನೆಗಳನ್ನು ಕೇಳದೆ ಕೊಂಡ ಬ್ಯಾಟು ಎಷ್ಟೇ ದುಬಾರಿಯದಾದರೂ ಮಗುವಿನ ಆಟಕ್ಕೆ ಅಡ್ಡಿಯಾಗುತ್ತದೆ ಎಂಬುದು ನನ್ನ ದೃಢವಾದ ಅಭಿಪ್ರಾಯ. ವಿಜ್ಞಾನದ ಮೇಷ್ಟ್ರಿಗೆ ಬ್ಯಾಟಿನ ವಿಚಾರವೇಕೆ ಎಂದು ನಿಮ್ಮಲ್ಲಿ ಕೆಲವರು ನಗಬಹುದು. ಎಂಟನೆಯ ತರಗತಿಯ ಸನ್ನೆಕೋಲಿನ ಪಾಠವನ್ನು ನೆನಪಿಟ್ಟುಕೊಂಡವರು ನಗಲಾರರು.

ಈ ವಿಚಾರವನ್ನು ಬರೆಯಲು ಪ್ರೇರಣೆಯಾದದ್ದು ಅಮೆರಿಕದಲ್ಲಿ ನೆಲೆಸಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ಪತ್ರ. ಭದ್ರಾವತಿಯ ನ್ಯೂಟೌನಿನಲ್ಲಿ ಬರಿಗಾಲಲ್ಲಿ ಕ್ರಿಕೆಟ್ ಆಡಿಕೊಂಡಿದ್ದ ಹುಡುಗ ಈಗ ಅಲ್ಲಿ ವಾರಕ್ಕೊಮ್ಮೆ ಗಾಲ್ಫ್ ಆಡುತ್ತಾನಂತೆ. ನಮ್ಮ ರಾಜ್ಯಕ್ಕೆ ಗಾಲ್ಫ್ ಹೊಸದಲ್ಲ. ಬೆಂಗಳೂರಿನ ಗಾಲ್ಫ್ ಕ್ಲಬ್ ಸ್ಥಾಪನೆಯಾದದ್ದು 1876ರಲ್ಲಿ. ನಮಗೆ ಹತ್ತಿರದ ಚಿಕ್ಕಮಗಳೂರಿನಲ್ಲಿಯೂ ಗಾಲ್ಫ್ ಮೈದಾನವಿದೆ. ಆದರೆ ಆ ಆಟದ ಸಾಮಗ್ರಿಯ ಸೂಕ್ಷ್ಮಗಳು ನನಗೆ ತಿಳಿದದ್ದು ಈ ಹುಡುಗನ ಪತ್ರದಿಂದ, ಆಮೇಲೆ ಅದರ ಬೆನ್ನು ಹತ್ತಿ ಓದಿಕೊಂಡದ್ದರಿಂದ.

ಗಾಲ್ಫಿನಲ್ಲಿ ಗುಳಿಯ ಸಮೀಪ ಬಂದ ಮೇಲೆ ಚೆಂಡನ್ನು ಎತ್ತರಕ್ಕೆ ಎತ್ತಿ ಮೆಲ್ಲಗೆ ಇಳಿಸಲು ಬಳಸುವ ಕೋಲಿಗೆ ವೆಜ್ ಎಂದು ಹೆಸರು. ಅದರ ಮುಖ ಹಿಂದಕ್ಕೆ ವಾಲಿರುತ್ತದೆ; ವಾಲಿಕೆಯ ಕೋನ ಸುಮಾರು 46 ಡಿಗ್ರಿಯಿಂದ 60 ಡಿಗ್ರಿಯವರೆಗೆ ಇರುವುದುಂಟು. ಕೋನ ಹೆಚ್ಚಿದಷ್ಟೂ ಚೆಂಡು ಎತ್ತರಕ್ಕೆ ಏರಿ ಹತ್ತಿರದಲ್ಲೇ ಬೀಳುತ್ತದೆ. ಅದಕ್ಕಿಂತ ಕುತೂಹಲದ ಸಂಗತಿ ವೆಜ್‌ನ ತಳದ ಉಬ್ಬು. ಅಂಚಿಗಿಂತ ತಳ ಎಷ್ಟು ಕೆಳಗೆ ಇಳಿದಿದೆ ಎಂಬುದನ್ನು ಸೂಚಿಸುವ ಈ ಕೋನಕ್ಕೆ ಬೌನ್ಸ್ ಎನ್ನುತ್ತಾರೆ. ನೆಲ ಮೆತ್ತಗಿದ್ದರೆ, ಅಥವಾ ಮರಳಿನಲ್ಲಿ ಆಡಬೇಕಾದರೆ, ಉಬ್ಬು ಹತ್ತು ಡಿಗ್ರಿಗಿಂತ ಹೆಚ್ಚಿರುವುದು ಒಳ್ಳೆಯದು; ಕೋಲು ನೆಲದೊಳಗೆ ಹೂತುಹೋಗದೆ ಜಾರಿಕೊಂಡು ಮುಂದೆ ಸಾಗುತ್ತದೆ. ನೆಲ ಗಟ್ಟಿಯಾಗಿ ಹುಲ್ಲು ಗಿಡ್ಡವಾಗಿದ್ದರೆ ನಾಲ್ಕರಿಂದ ಆರು ಡಿಗ್ರಿಯ ಉಬ್ಬು ಸಾಕು; ಹೆಚ್ಚಾದರೆ ತಳ ನೆಲಕ್ಕೆ ಬಡಿದು ಪುಟಿದು, ಅಂಚು ಚೆಂಡಿನ ನಡುವಿಗೆ ತಗುಲುತ್ತದೆ. ನೆಲವೊಂದೇ ಅಲ್ಲ, ಬೀಸುವ ಕೈಯೂ ಲೆಕ್ಕಕ್ಕೆ ಬರುತ್ತದೆ. ಮೇಲಿನಿಂದ ಕಡಿದಾಗಿ ಬೀಸುವವನಿಗೆ ಹೆಚ್ಚು ಉಬ್ಬು, ಗುಡಿಸಿದಂತೆ ಬೀಸುವವನಿಗೆ ಕಡಿಮೆ ಉಬ್ಬು. ಜೀನ್ ಸಾರಜೆನ್ ಎಂಬ ಅಮೆರಿಕದ ಆಟಗಾರ ಮರಳಿಗೆಂದೇ ತಳ ದಪ್ಪಗೊಳಿಸಿದ ವೆಜ್ ಬಳಸಿ 1932ರ ಬ್ರಿಟಿಷ್ ಓಪನ್ ಗೆದ್ದ ಕಥೆ ಆ ಆಟದ ಚರಿತ್ರೆಯಲ್ಲಿ ಪ್ರಸಿದ್ಧವಾಗಿದೆ.

ನನ್ನ ವಿದ್ಯಾರ್ಥಿ ಕೊನೆಗೆ ಒಂದು ಮಾತು ಬರೆದಿದ್ದ. ಅಲ್ಲಿನ ಅಂಗಡಿಯವರು ಅವನಿಗೆ ವೆಜ್ ತೋರಿಸುವ ಮೊದಲು ಅವನು ಬೀಸುವ ರೀತಿಯನ್ನು ನೋಡಿ, ಅವನು ಆಡುವ ಮೈದಾನದ ಮಣ್ಣಿನ ವಿಚಾರ ಕೇಳಿದರಂತೆ. ಓದಿದಾಗ ನನಗೆ ನೆನಪಾದದ್ದು ನಮ್ಮ ಹಳ್ಳಿಗಳ ಕುಲುಮೆ. ಗುದ್ದಲಿ ಮಾಡಿಸಲು ಹೋದವನನ್ನು ಕಮ್ಮಾರ ಕೇಳುತ್ತಿದ್ದುದೂ ಅದನ್ನೇ: ಗದ್ದೆಯ ಕೆಸರಿಗೋ, ತೋಟದ ಮಣ್ಣಿಗೋ, ಜಂಬಿಟ್ಟಿಗೆಯ ನೆಲಕ್ಕೋ? ಹಿಡಿಗೂ ತಗಡಿಗೂ ನಡುವಿನ ಕೋನವನ್ನು ಆತ ಆ ಉತ್ತರ ನೋಡಿ, ಅಗೆಯುವವನ ಆಳ್ತನ ನೋಡಿ ಬಾಗಿಸುತ್ತಿದ್ದ. ಇಷ್ಟು ವಿವೇಕ ನಮ್ಮ ನೆಲದಲ್ಲೇ ಇದ್ದರೂ ಮಕ್ಕಳ ಕೈಗೆ ಬ್ಯಾಟು ಕೊಡುವಾಗ ನಾವು ಅದನ್ನು ಮರೆಯುತ್ತೇವೆ.

ಮೊದಲು ಕೈಯ ವಿಚಾರ. ಕ್ರಿಕೆಟ್ಟಿನ ನಿಯಮಗಳು ಬ್ಯಾಟಿನ ಅಗಲ ನಾಲ್ಕೂಕಾಲು ಇಂಚು ಮೀರಬಾರದು, ಉದ್ದ 38 ಇಂಚು ಮೀರಬಾರದು ಎನ್ನುತ್ತವೆ. 2017ರಿಂದ ಅಂಚಿನ ದಪ್ಪಕ್ಕೂ 40 ಮಿಲಿಮೀಟರಿನ ಮಿತಿ ಬಂದಿದೆ. 1979ರಲ್ಲಿ ಡೆನಿಸ್ ಲಿಲ್ಲಿ ಪರ್ತ್‌ನಲ್ಲಿ ಅಲ್ಯೂಮಿನಿಯಮ್ ಬ್ಯಾಟು ಹಿಡಿದು ಬಂದ ಪ್ರಕರಣದ ನಂತರ ಅಲಗು ಮರದ್ದೇ ಆಗಿರಬೇಕೆಂಬ ನಿಯಮವೂ ಸೇರಿತು. ಆದರೆ ಭಾರಕ್ಕೆ ಮಾತ್ರ ನಿಯಮದಲ್ಲಿ ಯಾವ ಮಿತಿಯೂ ಇಲ್ಲ. ಅದನ್ನು ಆಡುವವನ ವಿವೇಚನೆಗೆ ಬಿಡಲಾಗಿದೆ. ಮಗುವಿನ ಮಟ್ಟಿಗೆ ಆ ವಿವೇಚನೆ ದೊಡ್ಡವರದು.

ದೊಡ್ಡವರ ಪೂರ್ಣ ಅಳತೆಯ ಬ್ಯಾಟು ಸಾಮಾನ್ಯವಾಗಿ 1100ರಿಂದ 1300 ಗ್ರಾಂ ತೂಗುತ್ತದೆ. ತಕ್ಕಡಿ ಹೇಳುವ ಈ ಭಾರಕ್ಕಿಂತ ಮುಖ್ಯವಾದದ್ದು ಆ ಭಾರ ಎಲ್ಲಿ ಕುಳಿತಿದೆ ಎಂಬುದು. ತರಗತಿಯಲ್ಲಿ ಸುತ್ತಿಗೆಯೊಂದನ್ನು ಕೊಟ್ಟು, ಒಮ್ಮೆ ಹಿಡಿಯ ತುದಿಯಲ್ಲಿ, ಇನ್ನೊಮ್ಮೆ ಕಬ್ಬಿಣದ ತಲೆಯ ಬಳಿ ಹಿಡಿದು ಬೀಸಲು ನಿಮಗೆ ಹೇಳುತ್ತಿದ್ದೆನಲ್ಲವೇ? ಸುತ್ತಿಗೆ ಅದೇ, ತೂಕ ಅದೇ; ಆದರೆ ಕೈಗೆ ತಿಳಿಯುವ ಭಾರ ಬೇರೆ. ಭಾರದ ಒಂದು ತುಣುಕು ಕೈಯಿಂದ ಎರಡರಷ್ಟು ದೂರ ಹೋದರೆ ಅದನ್ನು ತಿರುಗಿಸುವಾಗಿನ ಜಡತ್ವ ನಾಲ್ಕರಷ್ಟಾಗುತ್ತದೆ. ಆದ್ದರಿಂದಲೇ ಒಂದೇ ತೂಕದ ಎರಡು ಬ್ಯಾಟುಗಳಲ್ಲಿ ಒಂದು ಗರಿಯಂತೆಯೂ ಇನ್ನೊಂದು ಒನಕೆಯಂತೆಯೂ ಅನಿಸುವುದು. ಆಟಗಾರರು ಇದನ್ನು ಪಿಕಪ್ ಎನ್ನುತ್ತಾರೆ. ಉದ್ದವಾದ ಬ್ಯಾಟು ಚಿಕ್ಕ ಮಗುವಿಗೆ ಇಮ್ಮಡಿ ಹೊರೆಯಾಗುವುದು ಹೀಗೆ: ತೂಕವೂ ಹೆಚ್ಚು, ಆ ತೂಕ ಕೈಯಿಂದ ದೂರವೂ ಹೌದು.

ಇದರ ಪರಿಣಾಮವನ್ನು ಯಾವ ಮೈದಾನದಲ್ಲಾದರೂ ನೋಡಬಹುದು. ಬಲಗೈ ಆಟದ ಮಗುವಿಗೆ ಬ್ಯಾಟನ್ನು ನೇರವಾಗಿ ನಡೆಸಬೇಕಾದದ್ದು ಮೇಲಿರುವ ಎಡಗೈ. ಭಾರ ತಡೆಯಲಾರದ ಎಡಗೈ ಸೋತಾಗ ಕೆಳಗಿನ ಬಲಗೈ ಆಳತೊಡಗುತ್ತದೆ. ಆಗ ನೇರವಾಗಿ ಬರಬೇಕಾದ ಬ್ಯಾಟು ಅಡ್ಡಡ್ಡ ಬರುತ್ತದೆ, ಚೆಂಡು ಬಂದು ಹೋದ ಮೇಲೆ ಬರುತ್ತದೆ. ತರಬೇತುದಾರ "ನೇರವಾಗಿ ಆಡು" ಎಂದು ನೂರು ಸಲ ಕೂಗಿದರೂ ಪ್ರಯೋಜನವಿಲ್ಲ. ಮಗುವಿನ ತಲೆಗೆ ಪಾಠ ಅರ್ಥವಾಗಿದೆ, ಮೊಣಕೈಗೆ ಶಕ್ತಿ ಸಾಲದು. ಎರಡು ವರ್ಷ ಹೀಗೆ ಆಡಿದ ಮೇಲೆ ಆ ಅಭ್ಯಾಸವನ್ನು ಬಿಡಿಸುವುದು ತಪ್ಪು ಕಾಗುಣಿತ ಕಲಿತ ಮಗುವನ್ನು ತಿದ್ದುವುದಕ್ಕಿಂತ ಕಷ್ಟ.

ಪರೀಕ್ಷಿಸುವ ವಿಧಾನ ಸುಲಭವಾದದ್ದು. ಮಗು ನೆಟ್ಟಗೆ ನಿಂತಾಗ ಬ್ಯಾಟನ್ನು ಕಾಲಿನ ಪಕ್ಕಕ್ಕೆ ನಿಲ್ಲಿಸಿದರೆ ಹಿಡಿಯ ತುದಿ ತೊಡೆಯ ಮೇಲಿನ ಸಂದಿಯ ಮಟ್ಟಕ್ಕೆ ಬರಬೇಕು. ಬಳಿಕ ಹಿಡಿಯ ಮೇಲ್ಭಾಗವನ್ನು ಮೇಲಿನ ಕೈಯೊಂದರಿಂದಲೇ ಹಿಡಿದು, ಬ್ಯಾಟನ್ನು ಎತ್ತಿ ನೇರವಾಗಿ ಮುಂದಕ್ಕೆ ತರಲು ಹೇಳಿ. ಮಣಿಕಟ್ಟು ಕುಸಿದರೆ, ಬ್ಯಾಟಿನ ತುದಿ ಅಲುಗಾಡಿದರೆ, ಆ ಬ್ಯಾಟು ಆ ವರ್ಷಕ್ಕೆ ಸಲ್ಲದು. ತಯಾರಕರಿಂದ ತಯಾರಕರಿಗೆ ಸ್ವಲ್ಪ ವ್ಯತ್ಯಾಸವಿದ್ದರೂ, ಸುಮಾರು ನಾಲ್ಕೂವರೆ ಅಡಿಯಿಂದ ನಾಲ್ಕೂಮುಕ್ಕಾಲು ಅಡಿ ಎತ್ತರದವರಿಗೆ 4ನೆಯ ಅಳತೆ, ಐದು ಅಡಿಯವರೆಗೆ 5ನೆಯದು, ಅದಕ್ಕೂ ಎರಡು ಮೂರು ಇಂಚು ಹೆಚ್ಚಿದ್ದರೆ 6ನೆಯದು, ಐದೂವರೆ ಅಡಿಯವರೆಗೆ ಹ್ಯಾರೋ ಎಂಬ ಅಳತೆ, ಅದರಾಚೆಗೆ ಪೂರ್ಣ ಅಳತೆ ಎಂದಿಟ್ಟುಕೊಳ್ಳಬಹುದು.

ಇನ್ನು ನೆಲದ ವಿಚಾರ. ನಮ್ಮ ಜಿಲ್ಲೆಯ ಮಗು ಒಂದೇ ವರ್ಷದಲ್ಲಿ ನಾಲ್ಕು ಬಗೆಯ ನೆಲದ ಮೇಲೆ ಆಡುತ್ತದೆ: ಶಿಬಿರದ ಸಿಮೆಂಟ್ ಪಿಚ್, ಪಂದ್ಯದ ಮ್ಯಾಟಿಂಗ್, ಅದೃಷ್ಟವಿದ್ದರೆ ಟರ್ಫ್, ಉಳಿದಂತೆ ಊರ ಬಯಲು ಅಥವಾ ಕೊಯ್ಲಾದ ಗದ್ದೆ. ನಾರಿನ ಚಾಪೆ ಹಾಸಿದ ಮ್ಯಾಟಿಂಗ್ ಪಿಚ್ಚಿನಲ್ಲಿ ಚೆಂಡು ಎತ್ತರಕ್ಕೆ, ನಂಬಬಹುದಾದ ರೀತಿಯಲ್ಲಿ ಪುಟಿಯುತ್ತದೆ. ಅಲ್ಲಿ ಹಿಂಗಾಲಿನ ಮೇಲೆ ನಿಂತು ಆಡುವ ಕಟ್ ಮತ್ತು ಪುಲ್ ಹೊಡೆತಗಳಿಗೆ ಫಲ ಹೆಚ್ಚು. ಇಂಥ ಆಟಕ್ಕೆ ಬೇಗ ಮೇಲೇಳುವ ಬ್ಯಾಟು ಬೇಕು. ಅದರ ತಿರುಳು, ಅಂದರೆ ಮರದ ದಪ್ಪ ಹೆಚ್ಚಿರುವ ಭಾಗ, ಸ್ವಲ್ಪ ಮೇಲಿರಬೇಕು. ಕೊಯ್ಲಾದ ಗದ್ದೆಯಲ್ಲಿ, ಮಳೆಗಾಲ ಕಳೆದ ಹೊಸತರ ಬಯಲಿನಲ್ಲಿ ಚೆಂಡು ನೆಲ ಬಿಟ್ಟು ಏಳುವುದೇ ಇಲ್ಲ. ಅಲ್ಲಿ ಮುಂಗಾಲಿನ ಆಟ, ತಿರುಳು ಕೆಳಗಿರುವ ಬ್ಯಾಟು. ಪುಟಿತ ಹೆಚ್ಚಿರುವ ಆಸ್ಟ್ರೇಲಿಯಾದ ಪಿಚ್ಚುಗಳಿಗೂ ತಗ್ಗಿ ಬರುವ ನಮ್ಮ ದೇಶದ ಪಿಚ್ಚುಗಳಿಗೂ ಬ್ಯಾಟು ತಯಾರಕರು ತಿರುಳನ್ನು ಬೇರೆ ಬೇರೆ ಎತ್ತರದಲ್ಲಿ ಇಡುವುದು ಇದೇ ಕಾರಣಕ್ಕೆ.

ಭದ್ರಾವತಿಯವರಿಗೆ ಇದನ್ನು ವಿವರಿಸಲು ದೂರ ಹೋಗಬೇಕಿಲ್ಲ. ಗುಂಡಪ್ಪ ವಿಶ್ವನಾಥ್ ಅವರು ಹುಟ್ಟಿದ್ದು ಭದ್ರಾವತಿಯಲ್ಲಿ, 1949ರ ಫೆಬ್ರವರಿ 12ರಂದು. ಆಡಿ ಬೆಳೆದದ್ದು ಬೆಂಗಳೂರಿನಲ್ಲಿ. ಆ ಕಾಲದ ಕರ್ನಾಟಕದ ಶಾಲೆ ಮತ್ತು ಕ್ಲಬ್ ಕ್ರಿಕೆಟ್ ಬಹುಮಟ್ಟಿಗೆ ಮ್ಯಾಟಿಂಗ್ ಪಿಚ್ಚುಗಳ ಮೇಲೆಯೇ ನಡೆಯುತ್ತಿತ್ತು. ಎತ್ತರ ಕಡಿಮೆಯಿದ್ದ ಆ ಹುಡುಗನಿಗೆ ಎದೆಯ ಮಟ್ಟಕ್ಕೆ ಏಳುವ ಚೆಂಡು ದಿನನಿತ್ಯದ ಅನುಭವ. ಮುಂದೆ ಜಗತ್ತೇ ಮೆಚ್ಚಿದ ಅವರ ಸ್ಕ್ವೇರ್ ಕಟ್ ಅಂಥ ನೆಲದ ಕೊಡುಗೆಯೂ ಹೌದೆಂದು ನಾನು ನಂಬುತ್ತೇನೆ. 1969ರ ನವೆಂಬರಿನಲ್ಲಿ ಕಾನ್ಪುರದಲ್ಲಿ ಆಸ್ಟ್ರೇಲಿಯಾ ವಿರುದ್ಧದ ಮೊದಲ ಟೆಸ್ಟಿನಲ್ಲಿಯೇ ಸೊನ್ನೆಯ ಬೆನ್ನಿಗೆ 137 ಹೊಡೆದವರು. 1975ರ ಜನವರಿಯಲ್ಲಿ ಮದರಾಸಿನಲ್ಲಿ ಆಂಡಿ ರಾಬರ್ಟ್ಸ್‌ರ ಬಿರುಸಿನ ಎದುರು, ತಂಡದ 190 ರನ್ನುಗಳಲ್ಲಿ ಔಟಾಗದೆ 97 ಗಳಿಸಿದವರು. 91 ಟೆಸ್ಟುಗಳಲ್ಲಿ 14 ಶತಕಗಳೊಡನೆ 6080 ರನ್ನು ಗಳಿಸಿದ ಆ ಆಟದ ಬಲ ಮಣಿಕಟ್ಟಿನಲ್ಲಿತ್ತು. ಮಣಿಕಟ್ಟು ತನ್ನ ಕೆಲಸ ಮಾಡಬೇಕಾದರೆ ಕೈಯಲ್ಲಿರುವ ವಸ್ತು ಮಣಿಕಟ್ಟಿನ ಮಾತು ಕೇಳುವಂತಿರಬೇಕು.

ಶಿವಮೊಗ್ಗದ ನವುಲೆಯ ಟರ್ಫ್ ಪಿಚ್ಚಿನ ಮೇಲೆ 2024ರ ಜನವರಿಯಲ್ಲಿ ನಡೆದ ಕೂಚ್ ಬೆಹಾರ್ ಟ್ರೋಫಿಯ ಅಂತಿಮ ಪಂದ್ಯ ನಿಮಗೆ ನೆನಪಿರಬಹುದು. ಹತ್ತೊಂಬತ್ತು ವರ್ಷದೊಳಗಿನವರ ಆ ಪಂದ್ಯದಲ್ಲಿ ಮುಂಬಯಿ ವಿರುದ್ಧ ಕರ್ನಾಟಕದ ಪ್ರಖರ್ ಚತುರ್ವೇದಿ 638 ಚೆಂಡುಗಳನ್ನು ಎದುರಿಸಿ ಔಟಾಗದೆ 404 ರನ್ನು ಗಳಿಸಿದರು. ಪತ್ರಿಕೆಗಳು 404ನ್ನು ದಪ್ಪ ಅಕ್ಷರಗಳಲ್ಲಿ ಮುದ್ರಿಸಿದವು. ನನ್ನ ಕಣ್ಣು ನಿಂತದ್ದು 638ರ ಮೇಲೆ. ಅಷ್ಟು ಸಲ ಬ್ಯಾಟನ್ನು ಎತ್ತಿ, ಇಳಿಸಿ, ಅಳೆದು ಆಡಬೇಕಾದರೆ ಅದರ ಭಾರಕ್ಕೂ ಆ ತೋಳಿಗೂ ಸಾಮರಸ್ಯವಿರಲೇಬೇಕು. ನಾಲ್ಕು ಸಿಕ್ಸರುಗಳಿಗೆ ಸಾಕಾಗುವ ಬ್ಯಾಟು ಬೇರೆ, ನಾಲ್ಕು ಅವಧಿಗಳ ಆಟಕ್ಕೆ ಒದಗುವ ಬ್ಯಾಟು ಬೇರೆ.

ಮರದ ಆಯ್ಕೆಯಲ್ಲೂ ನೆಲದ ಮಾತು ಬರುತ್ತದೆ. ಇಂಗ್ಲಿಷ್ ವಿಲ್ಲೋ ಹಗುರ, ಮೃದು. ಚೆಂಡನ್ನು ಚಿಮ್ಮಿಸುವ ಗುಣ ಅದಕ್ಕೆ ಹೆಚ್ಚು, ಬೆಲೆಯೂ ಹೆಚ್ಚು. ಕಾಶ್ಮೀರದ ಅನಂತನಾಗ್ ಕಡೆಯ ವಿಲ್ಲೋ ಸ್ವಲ್ಪ ಭಾರ, ಗಡಸು. ಬೆಲೆ ಬಹಳ ಕಡಿಮೆ. ಇಂಗ್ಲಿಷ್ ವಿಲ್ಲೋ ಬ್ಯಾಟಿಗೆ ಅಗಸೆ ಎಣ್ಣೆ ಸವರಿ, ಮರದ ಸುತ್ತಿಗೆಯಿಂದ ಗಂಟೆಗಟ್ಟಲೆ ತಟ್ಟಿ ಪಳಗಿಸಬೇಕು. ಪಳಗಿಸದೆ ಅದನ್ನು ಸಿಮೆಂಟ್ ಪಿಚ್ಚಿಗೆ ಒಯ್ದು, ಅಗ್ಗದ ಗಟ್ಟಿ ಚೆಂಡಿನೆದುರು ನಿಲ್ಲಿಸಿದರೆ ತಿಂಗಳೊಳಗೆ ತುದಿ ಸೀಳುತ್ತದೆ. ಮಲೆನಾಡಿನ ಮಳೆಗಾಲ ಇನ್ನೊಂದು ಪರೀಕ್ಷೆ. ಒದ್ದೆ ನೆಲಕ್ಕೆ ತಟ್ಟುತ್ತಾ ನಿಂತರೆ ತುದಿ ನೀರು ಕುಡಿದು ಉಬ್ಬುತ್ತದೆ. ಒಣಗಲೆಂದು ಒಲೆಯ ಮೇಲಿನ ಅಟ್ಟದಲ್ಲಿಟ್ಟರೆ ಬಿರುಕು ಬಿಡುತ್ತದೆ. ತುದಿಗೆ ರಬ್ಬರಿನ ಕವಚ ಅಂಟಿಸಿ, ಗಾಳಿಯಾಡುವ ನೆರಳಿನಲ್ಲಿ ಇಡುವುದು ಕ್ಷೇಮ. ಆರಂಭದ ಮೂರು ನಾಲ್ಕು ವರ್ಷ ನಮ್ಮ ಮಕ್ಕಳಿಗೆ ಹಗುರವಾಗಿ ಆರಿಸಿದ ಕಾಶ್ಮೀರಿ ವಿಲ್ಲೋ ಧಾರಾಳವಾಗಿ ಸಾಕು.

ನನ್ನ ಮಾತಿಗೆ ಬರುವ ಆಕ್ಷೇಪಗಳನ್ನು ಬಲ್ಲೆ. "ಬೆಳೆಯುವ ಮಗು, ಮುಂದಿನ ವರ್ಷಕ್ಕೂ ಆಗಲಿ ಎಂದು ದೊಡ್ಡದನ್ನೇ ತಂದೆವು" ಎನ್ನುವವರು ಅನೇಕರು. ನಾವೆಲ್ಲ ಎರಡು ವರ್ಷ ಬರಲೆಂದು ದೊಡ್ಡದಾಗಿ ಹೊಲಿಸಿದ ಚಡ್ಡಿ ತೊಟ್ಟು ಬೆಳೆದವರೇ. ಹಣದ ಅಡಚಣೆ ನಾನು ಅರಿಯದ್ದಲ್ಲ. ಆದರೆ ಚಡ್ಡಿಯ ಅಂಚನ್ನು ಮಡಿಸಿ ಹೊಲಿಯಬಹುದು, ಬ್ಯಾಟನ್ನು ಮಡಿಸಲಾಗದು. ಒಂದು ದುಬಾರಿ ಬ್ಯಾಟಿನ ಹಣದಲ್ಲಿ ಅಳತೆಗೆ ತಕ್ಕ ಮೂರು ಸಾಧಾರಣ ಬ್ಯಾಟುಗಳು ಬರುತ್ತವೆ. ಮಗು ಬೆಳೆದಂತೆ ಚಿಕ್ಕದು ತಮ್ಮನಿಗೋ ತಂಗಿಗೋ ನೆರೆಮನೆಯವರಿಗೋ ಹೋಗುತ್ತದೆ.

"ಸಚಿನ್ ತೆಂಡೂಲ್ಕರ್ ಭಾರದ ಬ್ಯಾಟಿನಲ್ಲಿ ಆಡಲಿಲ್ಲವೇ?" ಎನ್ನುವವರು ಇನ್ನು ಕೆಲವರು. ಆಡಿದರು, ನಿಜ. ಅದು ಅವರ ತೋಳಿಗೆ ಒಗ್ಗಿದ ಭಾರ. ಅದೇ ತೆಂಡೂಲ್ಕರ್ 2004ರಲ್ಲಿ ಮೊಣಕೈ ನೋವಿನಿಂದ ಆಟದಿಂದ ದೂರ ಉಳಿಯಬೇಕಾಯಿತು ಎಂಬುದನ್ನೂ ನೆನೆಯಬೇಕು. ಅತ್ತ ಬ್ರಾಡ್ಮನ್ ಇಂದಿನ ಲೆಕ್ಕದಲ್ಲಿ ಬಹಳ ಹಗುರವಾದ ಬ್ಯಾಟಿನಿಂದ 99.94ರ ಸರಾಸರಿ ಕಟ್ಟಿದರು. ಬಾಲ್ಯದಲ್ಲಿ ಅವರು ಒಂದು ಸ್ಟಂಪು ಹಿಡಿದು ಗಾಲ್ಫ್ ಚೆಂಡನ್ನು ನೀರಿನ ತೊಟ್ಟಿಯ ಕಟ್ಟೆಗೆ ಹೊಡೆದು ಅಭ್ಯಾಸ ಮಾಡಿದವರು. ಇಬ್ಬರಿಂದಲೂ ಕಲಿಯಬೇಕಾದದ್ದು ಒಂದೇ: ಭಾರವನ್ನು ಅವರವರ ಕೈ ನಿರ್ಧರಿಸಿತ್ತು.

ಇಷ್ಟೆಲ್ಲ ಬರೆದದ್ದಕ್ಕೆ ನಿಮಗೇ ಸಂಬಂಧಿಸಿದ ಕಾರಣವೊಂದಿದೆ. ಈಚಿನ ವರ್ಷಗಳಲ್ಲಿ ಹಳೆಯ ವಿದ್ಯಾರ್ಥಿಗಳು ಸೇರಿ ಗುರುವಂದನೆ ಏರ್ಪಡಿಸುವುದು, ಅಂದು ಶಾಲೆಗೆ ಏನಾದರೊಂದು ಕೊಡುಗೆ ನೀಡುವುದು ಸಂತೋಷದ ರೂಢಿಯಾಗಿದೆ. ಕೊಡುಗೆಗಳಲ್ಲಿ ಕ್ರಿಕೆಟ್ ಕಿಟ್ಟು ತಪ್ಪದೆ ಇರುತ್ತದೆ. ಹೊಳೆಯುವ ಸ್ಟಿಕ್ಕರಿನ ಪೂರ್ಣ ಅಳತೆಯ ಎರಡು ಬ್ಯಾಟುಗಳು ವೇದಿಕೆಯ ಮೇಲೆ ಚೆನ್ನಾಗಿಯೇ ಕಾಣುತ್ತವೆ. ಮರುದಿನ ಶಾಲೆಯ ಬಯಲಿನಲ್ಲಿ ಆಗುವುದೇನು? ಹತ್ತನೆಯ ತರಗತಿಯ ಎತ್ತರದ ನಾಲ್ಕು ಹುಡುಗರು ಅವನ್ನು ಹಿಡಿಯುತ್ತಾರೆ. ಎಂಟನೆಯ ತರಗತಿಯ ಮಕ್ಕಳು, ಅದರಲ್ಲೂ ಹೆಣ್ಣುಮಕ್ಕಳು, ಒಂದೆರಡು ಸಲ ಎತ್ತಿ ನೋಡಿ ಸಾಲಿನಿಂದ ಹಿಂದೆ ಸರಿಯುತ್ತಾರೆ. "ನಮಗೆ ಕ್ರಿಕೆಟ್ ಬರಲ್ಲ ಸರ್" ಎನ್ನುತ್ತಾರೆ. ಆ ಮಾತನ್ನು ಮಕ್ಕಳ ಬಾಯಲ್ಲಿ ಕೇಳುವುದು ನನಗೆ ಬಹಳ ನೋವಿನ ಸಂಗತಿ. ಬಾರದಿರುವುದು ಅವರಿಗಲ್ಲ, ಅವರ ಕೈಗೆ ಬರುವ ಬ್ಯಾಟು ಆ ಶಾಲೆಗೆ ಬಂದಿಲ್ಲ. ಅಳತೆ ತಪ್ಪಿದ ಒಂದು ವಸ್ತುವಿನಿಂದಾಗಿ ಮಗು ತನ್ನನ್ನೇ ಅಶಕ್ತ ಎಂದು ತೀರ್ಮಾನಿಸಿಕೊಳ್ಳುತ್ತದೆ. ನೋಡುವವರೂ ಹಾಗೆಯೇ ತೀರ್ಮಾನಿಸುತ್ತಾರೆ.

ಆದ್ದರಿಂದ ನಿಮ್ಮಲ್ಲಿ ನನ್ನದೊಂದು ವಿನಂತಿ. ಮುಂದಿನ ಸಲ ಶಾಲೆಗೆ ಕಿಟ್ಟು ಕೊಡುವ ಯೋಚನೆ ಬಂದಾಗ ಮೊದಲು ಅಲ್ಲಿನ ದೈಹಿಕ ಶಿಕ್ಷಕರಿಗೆ ಒಂದು ಫೋನ್ ಮಾಡಿ. ಎಷ್ಟು ಎತ್ತರದ ಎಷ್ಟು ಮಕ್ಕಳಿದ್ದಾರೆ, ಗಂಡುಮಕ್ಕಳೆಷ್ಟು, ಹೆಣ್ಣುಮಕ್ಕಳೆಷ್ಟು, ಆಡುವುದು ಮ್ಯಾಟಿನ ಮೇಲೋ ಬರಿ ನೆಲದ ಮೇಲೋ, ಚೆಂಡು ಲೆದರಿನದೋ ಟೆನಿಸಿನದೋ ಎಂದು ಕೇಳಿ. ಬಳಿಕ 4, 5, 6 ಮತ್ತು ಹ್ಯಾರೋ ಅಳತೆಗಳಲ್ಲಿ ಒಂದೊಂದು, ಪೂರ್ಣ ಅಳತೆಯದು ಒಂದು, ಹೀಗೆ ಐದು ಸಾಧಾರಣ ಬ್ಯಾಟುಗಳನ್ನು ಕೊಡಿ. ಸಾಧ್ಯವಾದರೆ ಜೊತೆಗೆ ಒಂದು ಮ್ಯಾಟು ಕೊಡಿ. ಮನೆಯ ಮೊಮ್ಮಕ್ಕಳಿಗೆ ಕೊಳ್ಳುವ ಬಂಧುಗಳಿಗೂ ಇದೇ ಮಾತು: ಗುಟ್ಟಾಗಿ ಕೊಂಡು ಅಚ್ಚರಿಗೊಳಿಸುವುದನ್ನು ಬೇರೆ ಉಡುಗೊರೆಗಳಿಗೆ ಇಟ್ಟುಕೊಂಡು, ಬ್ಯಾಟು ಕೊಳ್ಳುವಾಗ ಮಗುವನ್ನೇ ಅಂಗಡಿಗೆ ಕರೆದೊಯ್ಯಿರಿ. ಕನ್ನಡಕವನ್ನು ಕಣ್ಣು ಪರೀಕ್ಷಿಸದೆ ಯಾರೂ ಕೊಳ್ಳುವುದಿಲ್ಲ.

ಶಿವಮೊಗ್ಗದಲ್ಲಿ, ಭದ್ರಾವತಿಯಲ್ಲಿ ಆಡುವ ಎಲ್ಲ ಮಕ್ಕಳೂ ದೊಡ್ಡ ಆಟಗಾರರಾಗಲಾರರು, ಆಗಬೇಕಾಗಿಯೂ ಇಲ್ಲ. ಆದರೆ ಚೆಂಡು ಬ್ಯಾಟಿನ ತಿರುಳಿಗೆ ತಗುಲಿದಾಗ ಕೈಗೆ ಏನೂ ತಿಳಿಯದಂತೆ ಅದು ಹಾರಿಹೋಗುವ ಸುಖವಿದೆಯಲ್ಲ, ಅದು ಪ್ರತಿಯೊಂದು ಮಗುವಿಗೂ ಒಮ್ಮೆಯಾದರೂ ದೊರೆಯಬೇಕು. ಅದಕ್ಕೆ ಬೇಕಾದದ್ದು ಐದು ಬ್ಯಾಟುಗಳು ಮತ್ತು ಒಂದು ಅಳತೆಪಟ್ಟಿ.